ನಿಲ್ಲಿಸಿದ ಕಾರಿನ ಬ್ಯಾಟರಿ ಪದೇ ಪದೇ ಇಳಿಯುತ್ತಿದೆ

ಪ್ರಶ್ನೆ (ಕಲಬುರಗಿ): ಸೇಡಂ ರಸ್ತೆಯಲ್ಲಿರುವ ನಮ್ಮ ಮನೆಯ ಮುಂದೆ ಬಿಸಿಲಿನಲ್ಲೇ ನಿಲ್ಲುವ ಕಾರು ಎರಡು ಮೂರು ದಿನ ಓಡಿಸದಿದ್ದರೆ ಸ್ಟಾರ್ಟ್ ಆಗುವುದಿಲ್ಲ. ಬ್ಯಾಟರಿ ಹೊಸದಾದರೂ ಮತ್ತೆ ಬದಲಿಸಬೇಕೆಂದು ಮೆಕ್ಯಾನಿಕ್ ಹೇಳುತ್ತಾರೆ. ದೋಷ ಎಲ್ಲಿದೆಯೆಂದು ತಿಳಿಯುವುದು ಹೇಗೆ?

ಉತ್ತರ 1: ಸರ್, ಅಳೆಯದೆ ದಯವಿಟ್ಟು ಹಣ ಖರ್ಚು ಮಾಡಬೇಡಿ. ಚಾರ್ಜ್ ಮಾಡಿ ರಾತ್ರಿಯಿಡೀ ಬಿಟ್ಟ ಬ್ಯಾಟರಿ ಮಲ್ಟಿಮೀಟರ್‌ನಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು, 12.2 ಎಂದರೆ ಅರ್ಧ ಮಾತ್ರ ಉಳಿದಿದೆ. ಇಂಜಿನ್ ಓಡುವಾಗ 13.8ರಿಂದ 14.4 ಬಂದರೆ ಸಾಮಾನ್ಯವಾಗಿ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಭಾಗ) ಸರಿಯಿದೆ.

ಉತ್ತರ 2: ಎರಡೂ ಸರಿಯಿದ್ದರೆ, ನಿಂತ ಕಾರಿನಲ್ಲಿ ಕರೆಂಟ್ ಎಳೆಯುತ್ತಿರುವುದು ಯಾವುದೆಂದು ಹುಡುಕಬೇಕು. ನೆಗೆಟಿವ್ ಕೇಬಲ್ ಬಿಚ್ಚಿ, ಅದಕ್ಕೂ ಟರ್ಮಿನಲ್‌ಗೂ ನಡುವೆ ಮೀಟರನ್ನು 10 ಆಂಪಿಯರ್ ಶ್ರೇಣಿಯಲ್ಲಿ ಜೋಡಿಸಿ, ಬಾಗಿಲು ಮುಚ್ಚಿ, ಅರ್ಧ ಗಂಟೆ ಕಾದ ಮೇಲೂ 50 ಮಿಲಿಆಂಪಿಯರ್‌ಗಿಂತ ಹೆಚ್ಚಿದ್ದರೆ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆಯಿರಿ. ಯಾವುದನ್ನು ತೆಗೆದಾಗ ಅಂಕಿ ಕುಸಿಯುತ್ತದೋ ಆ ಸರ್ಕ್ಯೂಟ್‌ನಲ್ಲೇ ದೋಷವಿದೆ. ಮೀಟರ್ ಜೋಡಿಸಿರುವಾಗ ಖಂಡಿತ ಸ್ಟಾರ್ಟ್ ಮಾಡಬೇಡಿ. ಹೊರಗೆ ಹಾಕಿಸಿದ ಸ್ಟೀರಿಯೊ, ಡ್ಯಾಶ್‌ಕ್ಯಾಮ್‌ಗಳ ಮೇಲೆಯೇ ನನ್ನ ಮೊದಲ ಅನುಮಾನ. ಅವುಗಳ ವೈರನ್ನು ನೇರವಾಗಿ ಬ್ಯಾಟರಿಗೆ ಕೊಟ್ಟಿದ್ದರೆ ಕಾರಿನ ಫ್ಯೂಸ್ ತೆಗೆದರೂ ಪತ್ತೆಯಾಗುವುದಿಲ್ಲ.

ಉತ್ತರ 3: ನಮ್ಮ ಭಾಗದ ಬೇಸಿಗೆ 40 ಡಿಗ್ರಿ ದಾಟುವುದರಿಂದ ಬ್ಯಾಟರಿಯ ಆಯಸ್ಸೂ ಕಡಿಮೆಯಾಗುತ್ತದೆ. ಸಾಧ್ಯವಾದರೆ ನೆರಳಿನಲ್ಲಿ ನಿಲ್ಲಿಸಿ. ಮುಚ್ಚಳ ತೆರೆಯುವ ಬ್ಯಾಟರಿಯಾಗಿದ್ದರೆ ಡಿಸ್ಟಿಲ್ಡ್ ವಾಟರ್ ಮಟ್ಟವನ್ನೂ ನೋಡಿ.