ಸೊಲಿಚ್ ಅವರನ್ನು ತೆಗೆದದ್ದಕ್ಕೇ ನೆಬ್ರಾಸ್ಕಾ ಮುಳುಗಿತಾ?

ಕೆಂಪಂಗಿ:
ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಕೋಚ್ ಬದಲಾವಣೆಯ ಮಾತು ಎದ್ದಾಗಲೆಲ್ಲ ನೆಬ್ರಾಸ್ಕಾ ಹೆಸರು ಬಂದೇ ಬರುತ್ತೆ. ಹೊಸಬರಿಗೆ ಚುಟುಕಾಗಿ: ಬಾಬ್ ಡೆವೇನಿ 1970 ಮತ್ತು 71ರಲ್ಲಿ ತಂಡವನ್ನು ರಾಷ್ಟ್ರೀಯ ಚಾಂಪಿಯನ್ ಮಾಡಿದರು. ಅವರ ನಂತರ ಟಾಮ್ ಆಸ್ಬರ್ನ್, 1973ರಿಂದ 97ರವರೆಗೆ 25 ಸೀಸನ್: 255 ಗೆಲುವು, 49 ಸೋಲು, 3 ಸಮ. ಒಂದು ವರ್ಷವೂ ಒಂಬತ್ತಕ್ಕಿಂತ ಕಡಿಮೆ ಗೆದ್ದದ್ದಿಲ್ಲ. 1994, 95, 97ರಲ್ಲಿ ಚಾಂಪಿಯನ್. ಅವರ ಗರಡಿಯಲ್ಲೇ ಬೆಳೆದ ಫ್ರಾಂಕ್ ಸೊಲಿಚ್ ಆರು ವರ್ಷದಲ್ಲಿ 58 ಗೆದ್ದು 19 ಸೋತರು. 2003ರ ನವೆಂಬರ್‌ನಲ್ಲಿ ಕೊಲೊರಾಡೊವನ್ನು 31-22ರಿಂದ ಸೋಲಿಸಿ ಸೀಸನ್ 9-3ಕ್ಕೆ (ಗೆಲುವು-ಸೋಲು) ಮುಗಿಸಿದ ಮರುದಿನವೇ ವಿಶ್ವವಿದ್ಯಾಲಯದ ಕ್ರೀಡಾ ಮುಖ್ಯಸ್ಥ, ಅಂದರೆ ಅಥ್ಲೆಟಿಕ್ ಡೈರೆಕ್ಟರ್ ಸ್ಟೀವ್ ಪೆಡರ್‌ಸನ್ ಅವರನ್ನು ಮನೆಗೆ ಕಳಿಸಿದರು. ಕೊನೆಯ ಕಾನ್ಫರೆನ್ಸ್ (ತಂಡ ಆಡುವ ಲೀಗ್) ಪ್ರಶಸ್ತಿ 1999ರದ್ದು, ಅದೂ ಸೊಲಿಚ್ ಕಾಲದ್ದೇ. ಅವರನ್ನು ತೆಗೆದ ದಿನವೇ ಈ ತಂಡದ ಕತೆ ಮುಗಿಯಿತು ಅನ್ನೋದು ನನ್ನ ವಾದ. ಇಲ್ಲ ಅನ್ನೋರು ಹೇಳಿ.

ಲೆಕ್ಕದ ಮೇಷ್ಟ್ರು:
ಇಲ್ಲ ಅಂತಲೇ ಹೇಳ್ತೀನಿ. 58-19 ಅನ್ನೋ ಮೊತ್ತದ ಒಳಗೆ ಏನಿದೆ ನೋಡಿ. 2001ರ ಕೊನೆಗೆ ಕೊಲೊರಾಡೊ 62-36ರಿಂದ ಹೊಡೆಯಿತು, ಆಮೇಲೆ ರೋಸ್ ಬೌಲ್‌ನಲ್ಲಿ (ಬೌಲ್ ಅಂದರೆ ಸೀಸನ್ ಮುಗಿದಮೇಲೆ ಒಳ್ಳೆ ತಂಡಗಳಿಗೆ ಸಿಗೋ ಪಂದ್ಯ) ಮಯಾಮಿ 37-14. 2002ರಲ್ಲಿ 7-7. 2003ರಲ್ಲಿ ಸೋತ ಮೂರು ಪಂದ್ಯ ಯಾವುವು? ಮಿಝೂರಿ ಕೈಲಿ 41-24, ಟೆಕ್ಸಸ್ ಕೈಲಿ 31-7, ನಮ್ಮದೇ ಮೈದಾನದಲ್ಲಿ ಕ್ಯಾನ್ಸಸ್ ಸ್ಟೇಟ್ ಕೈಲಿ 38-9. ಗೆಲ್ಲಬೇಕಾದವರನ್ನು ಗೆದ್ದರು, ಸಮಬಲದವರ ಮುಂದೆ ಮುಗ್ಗರಿಸಿದರು. ಕುಸಿತ ಆಗಲೇ ಶುರುವಾಗಿತ್ತು, ಪೆಡರ್‌ಸನ್ ಗುರುತಿಸಿದ್ದು ಸರಿ. ಕೊಟ್ಟ ಔಷಧಿ ತಪ್ಪು.

ಗೋವಿನಜೋಳ:
ಮೇಷ್ಟ್ರ, ಒಂದು ಮಾತು ಬಿಟ್ರಿ. 7-7 ಆದಮ್ಯಾಲೆ ಸೊಲಿಚ್ ಸುಮ್ನ ಕುಂತಿರಲಿಲ್ಲ. ಹಳೆ ಸಹಾಯಕ ಕೋಚ್‌ಗಳನ್ನ ಬದಲು ಮಾಡಿ, ಡಿಫೆನ್ಸ್‌ಗೆ ಬೋ ಪೆಲಿನಿನ್ನ ಕರಕೊಂಡು ಬಂದ್ರು. ಡಿಫೆನ್ಸ್ ಒಂದs ವರ್ಷದಾಗ ಸುಧಾರಿಸ್ತು. ಸೊಲಿಚ್ ಹೋದಮ್ಯಾಲೆ ಅದs ಪೆಲಿನಿ ಹಂಗಾಮಿ ಕೋಚ್ ಆಗಿ ಅಲಾಮೊ ಬೌಲ್‌ನಾಗ ಮಿಷಿಗನ್ ಸ್ಟೇಟನ್ನ 17-3ರಲೆ ಹೊಡದ್ರು. ಅಂದ್ರ ಲೆಕ್ಕಕ್ಕ 10-3. ರಿಪೇರಿ ನಡದಿತ್ರಿ. ಗ್ಯಾರೇಜಿನಾಗ ಗಾಡಿ ಬಿಚ್ಚಿಟ್ಟಾಗ ಮೆಕ್ಯಾನಿಕ್‌ನ್ನ ಓಡಿಸಿದ್ರ ಹ್ಯಾಂಗ?

ಮೂರನೇ ಡೌನ್:
ನೀವೆಲ್ಲ ಗೆಲುವು ಸೋಲು ಎಣಿಸ್ತಾ ಇದ್ದೀರಿ ಮಾರಾಯ್ರೆ. 2003ರಲ್ಲಿ ಹೋದದ್ದು ಕೋಚ್ ಒಬ್ಬರಲ್ಲ, ಆಪ್ಷನ್ ಆಟವೇ ಹೋಯ್ತು. ಅದು ಹೇಗೆ ನಡೀತಿತ್ತು ಅಂತ ಗೊತ್ತಿಲ್ಲದೆ ಏನು ಕಳಕೊಂಡೆವು ಅಂತ ತಿಳಿಯುದಿಲ್ಲ.

ಸಾಲಿನ ನಡುವಿನ ಸೆಂಟರ್ ಚೆಂಡು ಕೊಟ್ಟ ಕೂಡಲೇ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಅದನ್ನು ಹಿಂದೆ ನಿಂತ ಓಟಗಾರ ಫುಲ್‌ಬ್ಯಾಕ್‌ನ ಹೊಟ್ಟೆಗೆ ಒತ್ತಿ ಹಿಡಿದೇ ಎರಡು ಹೆಜ್ಜೆ ಹೋಗ್ತಾನೆ. ಎದುರಾಳಿಯ ಒಬ್ಬನನ್ನು ಬೇಕಂತಲೇ ಯಾರೂ ತಡೆಯುದಿಲ್ಲ. ಅವನು ಫುಲ್‌ಬ್ಯಾಕ್ ಮೇಲೆ ಬಿದ್ದರೆ ಚೆಂಡು ಎಳಕೊಳ್ಳುದು, ನಿಂತಲ್ಲೇ ನಿಂತರೆ ಕೊಟ್ಟುಬಿಡುದು. ಎಳಕೊಂಡರೆ ಬದಿಗೆ ಓಟ. ಅಲ್ಲಿ ಎರಡನೆಯವನು ಕಾದಿರ್ತಾನೆ, ಅವನನ್ನೂ ಯಾರೂ ತಡೆಯುದಿಲ್ಲ. ಅವನು ಕ್ವಾರ್ಟರ್‌ಬ್ಯಾಕ್ ಮೇಲೆ ಬಂದರೆ ನಾಲ್ಕೈದು ಗಜ ಆಚೆ, ಸ್ವಲ್ಪ ಹಿಂದೆ ಓಡ್ತಿರುವ ಐ-ಬ್ಯಾಕ್‌ಗೆ (ಮುಖ್ಯ ಓಟಗಾರ) ಪಿಚ್, ಅಂದರೆ ಬದಿಗೆ ಎಸೆತ. ಐ-ಬ್ಯಾಕ್ ಕಡೆ ವಾಲಿದರೆ ತಾನೇ ಒಳಗೆ ತಿರುಗಿ ಓಡುದು. ಇಬ್ಬರನ್ನು ಮುಟ್ಟದೇ ಆಟದಿಂದ ಹೊರಗಿಟ್ಟ ಹಾಗಾಯ್ತು, ತಡೆಯಲಿಕ್ಕೆ ನಮ್ಮವರು ಇಬ್ಬರು ಉಳಿದರು. ಅವರು ನೇರ ಎದುರಾಳಿ ಸಾಲಿನ ಹಿಂದೆ ನಿಂತ ಲೈನ್‌ಬ್ಯಾಕರ್ ಮೇಲೆ.

ಕೆಡುದು ಎಲ್ಲಿ ಅಂದರೆ, ಐ-ಬ್ಯಾಕ್ ಕ್ವಾರ್ಟರ್‌ಬ್ಯಾಕ್‌ಗೆ ಒಂದೆರಡು ಗಜ ಹತ್ತಿರ ಬಂದರೆ ಒಬ್ಬನೇ ಡಿಫೆಂಡರ್ ಇಬ್ಬರನ್ನೂ ಕಾಯ್ತಾನೆ. ಮುಂದೆ ಹೋದರೆ ಪಿಚ್ ಬೆನ್ನಹಿಂದೆ ಬೀಳ್ತದೆ, ಫಂಬಲ್, ಚೆಂಡು ಕೈತಪ್ಪಿತು. ಅದಕ್ಕೇ ದಿನಕ್ಕೆ ನೂರಾರು ಸಲ ಅದನ್ನೇ ಮಾಡಿಸುದು.

ಲೆಕ್ಕದ ಮೇಷ್ಟ್ರು:
ವಿವರಣೆ ಚೆನ್ನಾಗಿದೆ, ಆದರೆ ಪಠ್ಯಪುಸ್ತಕದ್ದು. ಆಸ್ಬರ್ನ್ ತಂಡ ಪ್ರತಿ ಸಲ ಮೂರೂ ಓದು ಮಾಡ್ತಿರಲಿಲ್ಲ. ಫುಲ್‌ಬ್ಯಾಕ್‌ಗೆ ಕೊಡೋದು ಬಹಳ ಸಲ ಮೊದಲೇ ತೀರ್ಮಾನವಾದ ಟ್ರ್ಯಾಪ್ (ಎದುರಾಳಿಯನ್ನು ಒಳಗೆ ಬಿಟ್ಟು ಬದಿಯಿಂದ ತಡೆಯೋ) ಆಟ. ಬದಿಯ ಓಟದಲ್ಲಿ ಕೊನೆಯವನೊಬ್ಬನನ್ನು ಮಾತ್ರ ಓದೋದು. ಅವರ ಶಕ್ತಿ ಮೋಸದಲ್ಲಿ ಅಲ್ಲ, ಮುಂದೆ ನಿಂತು ಎದುರಾಳಿಯನ್ನು ತಳ್ಳೋ ಐವರ ಲೈನ್‌ನಲ್ಲಿತ್ತು. ಮಿಲ್ಟ್ ಟೆನೊಪಿರ್ 1974ರಿಂದ 2002ರವರೆಗೆ ಲೈನ್ ಕೋಚ್. 29 ಸೀಸನ್, ಒಂದೇ ಕುರ್ಚಿ! ಲೈನ್‌ಗೆ ಬಂದ ಹುಡುಗ ಮೊದಲ ವರ್ಷ ರೆಡ್‌ಶರ್ಟ್, ಅಂದರೆ ಅಭ್ಯಾಸ ಮಾತ್ರ, ಪಂದ್ಯ ಇಲ್ಲ. ಕಾಯಂ ಜಾಗ ಸಿಗೋ ಹೊತ್ತಿಗೆ ಬಹಳ ಜನಕ್ಕೆ ನಾಲ್ಕನೇ ವರ್ಷ. ಅಷ್ಟರಲ್ಲಿ ಮೈ ಕಟ್ಟಿರೋದು. ಬಾಯ್ಡ್ ಎಪ್ಲಿ ಅವರ ತೂಕ ಎತ್ತೋ ಕೋಣೆ ಶುರುವಾದದ್ದೇ 1969ರಲ್ಲಿ, ಬೇರೆ ಕಾಲೇಜುಗಳು ಕಣ್ಣು ಬಿಡುವ ಮೊದಲು. ಎಲ್ಲರಿಗೂ ಅಂಥ ಕೋಣೆ ಬಂದಮೇಲೆ ಆ ಲಾಭ ತಾನಾಗೇ ಕರಗಿತು. ಅದಕ್ಕೆ ಪೆಡರ್‌ಸನ್ ಹೊಣೆ ಅಲ್ಲ.

ಕೆಂಪಂಗಿ:
ಸರಿ ಮೇಷ್ಟ್ರೇ, ಆದರೆ ಬದಲಾವಣೆ ಮಾಡಿದ ರೀತಿ? ನವೆಂಬರ್ ಕೊನೆಗೆ ತೆಗೆದರು, ಬಿಲ್ ಕ್ಯಾಲಹಾನ್ ಹೆಸರು ಹೊರಬಿದ್ದದ್ದು ಜನವರಿಯಲ್ಲಿ. ಫೆಬ್ರವರಿ ಮೊದಲ ವಾರ ಸೈನಿಂಗ್ ಡೇ. ಹೈಸ್ಕೂಲ್ ಹುಡುಗರು ಯಾರನ್ನು ನಂಬಿ ಸಹಿ ಹಾಕಬೇಕಿತ್ತು? ಬಂದವರು ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಓಕ್ಲೆಂಡ್ ರೇಡರ್ಸ್‌ನಲ್ಲಿ 4-12 ಮಾಡಿ ಕೆಲಸ ಕಳಕೊಂಡವರು. ತಂದದ್ದು ವೆಸ್ಟ್ ಕೋಸ್ಟ್ ಅನ್ನೋ ಪಾಸಿಂಗ್ (ಚೆಂಡು ಎಸೆಯೋ) ಆಟ. ಆಪ್ಷನ್ ಲೈನ್‌ಮನ್ ಕೈ ನೆಲಕ್ಕೂರಿ ಮುಂದಕ್ಕೆ ನುಗ್ಗೋಕೆ ಕಲಿತವನು. ಪಾಸ್ ಆಟದಲ್ಲಿ ಅವನೇ ಎದ್ದು ನಿಂತು ಹಿಂದಕ್ಕೆ ಜಾರುತ್ತಾ ಮೂರು ಸೆಕೆಂಡ್ ಗೋಡೆಯಾಗಬೇಕು. ಓಡೋಕೆ ಅಂತ ತಂದ ಕ್ವಾರ್ಟರ್‌ಬ್ಯಾಕ್ ಐದು ಹೆಜ್ಜೆ ಹಿಂದೆ ಹೋಗಿ ಮೂವರು ರಿಸೀವರ್‌ಗಳನ್ನು ಸರದಿಯಲ್ಲಿ ನೋಡಬೇಕು. 2004ರಲ್ಲಿ ಅವನಿಂದ ಟಚ್‌ಡೌನ್‌ಗಿಂತ ಇಂಟರ್‌ಸೆಪ್ಷನ್ನೇ (ಎಸೆದ ಚೆಂಡು ಎದುರಾಳಿ ಕೈಗೆ) ಹೆಚ್ಚು. ತಪ್ಪು ಅವನದಲ್ಲ. 5-6, ಟೆಕ್ಸಸ್ ಟೆಕ್ ಕೈಲಿ 70-10. 1961ರ ನಂತರ ಮೊದಲ ಸಲ ಗೆಲುವಿಗಿಂತ ಸೋಲು ಜಾಸ್ತಿಯಾದ ವರ್ಷ, 35 ವರ್ಷದ ಬೌಲ್ ಪಂದ್ಯಗಳ ಸರಣಿಯೂ ಕಡಿಯಿತು.

ನೀಲಿ-ಹಳದಿ:
ಮಿಷಿಗನ್ ಅಭಿಮಾನಿಯಾಗಿ ನಡುವೆ ಬಾಯಿ ಹಾಕ್ತೀನಿ, ಬೈಬೇಡಿ. ನಮಗೂ ಇದೇ ಆಗಿತ್ತು. 2008ರಲ್ಲಿ ರಿಚ್ ರಾಡ್ರಿಗಸ್ ಬಂದು ಆಟದ ಪದ್ಧತಿಯನ್ನೇ ತಿರುವಿ ಹಾಕಿದರು, ಮೂರು ವರ್ಷದಲ್ಲಿ 15-22. ನಾವೂ ಬಿದ್ದೆವು, ಆದರೆ ಎದ್ದೆವು. 2020ರಲ್ಲಿ ನಮ್ಮ ಹಳೆ ಕ್ವಾರ್ಟರ್‌ಬ್ಯಾಕ್ ಜಿಮ್ ಹಾರ್ಬಾ ಕೋಚ್ ಆಗಿ 2-4 ಮಾಡಿದಾಗ ತೆಗೀರಿ ಅಂತ ಊರೆಲ್ಲ ಕೂಗಿತು. ತೆಗೀಲಿಲ್ಲ. ಸಂಬಳ ಸುಮಾರು ಅರ್ಧಕ್ಕೆ ಇಳಿಸಿ ಹೊಸ ಒಪ್ಪಂದ ಬರೆದರು, ಸಹಾಯಕರನ್ನು ಬದಲಿಸಿದರು. 2023ರಲ್ಲಿ 15-0, ಚಾಂಪಿಯನ್. ಕೋಚ್ ಇಟ್ಟುಕೊಂಡು ಕೆಳಗಿನ ಮಂದಿಯನ್ನು ಬದಲಿಸೋದು ಅಂದರೆ ಸೊಲಿಚ್ 2003ರಲ್ಲಿ ಮಾಡಿದ್ದೇ ಅಲ್ವಾ?

ಲೆಕ್ಕದ ಮೇಷ್ಟ್ರು:
ನಿಮ್ಮ ಪಕ್ಕದ ರಾಜ್ಯ ಒಹಾಯೊ. ಆಟಗಾರರು ತೋಟದಲ್ಲಿ ಬೆಳೆದ ಹಾಗೆ ಬೆಳೀತಾರೆ. ನೆಬ್ರಾಸ್ಕಾದ ಜನಸಂಖ್ಯೆ ಸುಮಾರು 20 ಲಕ್ಷ, ಬೆಂಗಳೂರಿನ ಒಂದೆರಡು ಮೂಲೆಗೂ ಸಾಲದು. ಬೇರೆ ಕಡೆಯಿಂದ ತರಲೇಬೇಕು. 2011ರಲ್ಲಿ ಬಿಗ್ 12 ಕಾನ್ಫರೆನ್ಸ್ ಬಿಟ್ಟು ಬಿಗ್ ಟೆನ್ ಸೇರಿದಾಗ ಟೆಕ್ಸಸ್ ನೆಲದಲ್ಲಿ ಪ್ರತಿ ವರ್ಷ ಆಡೋ ಪಂದ್ಯಗಳೇ ಹೋದವು. ಮಗ ಆಡೋದನ್ನು ನೋಡೋಕೆ ಅಪ್ಪ ಅಮ್ಮ ಡಲ್ಲಾಸ್‌ನಿಂದ ಐಯೊವಾಗೆ ಬರಬೇಕು ಅಂದ್ರೆ ಯಾರು ಒಪ್ತಾರೆ? ಅದಕ್ಕೂ ಮೊದಲು, 1996ರಲ್ಲಿ ಬಿಗ್ 12 ಶುರುವಾದಾಗಲೇ, ಓದಿನ ಅರ್ಹತೆ ಅರ್ಧ ಮಾತ್ರ ಪೂರೈಸಿದ ಹುಡುಗರನ್ನು ತೆಗೆದುಕೊಳ್ಳೋದಕ್ಕೆ ಕಡಿವಾಣ ಬಿತ್ತು. ಅದರಿಂದ ಹೆಚ್ಚು ಪೆಟ್ಟು ತಿಂದದ್ದು ನೆಬ್ರಾಸ್ಕಾ. ಇದ್ಯಾವುದೂ ಕೋಚ್ ಕೈಯಲ್ಲಿರಲಿಲ್ಲ.

ಗೋವಿನಜೋಳ:
ಹಂಗಾದ್ರ ಪೆಲಿನಿ ಹ್ಯಾಂಗ್ ಗೆದ್ರು? 2008ರಿಂದ 2014, ಏಳು ವರ್ಷ, ಪ್ರತಿ ವರ್ಷ 9 ಇಲ್ಲಾ 10 ಗೆಲುವು. ಅವರನ್ನೂ ತಗದ್ರು. ಮುಂದ ಮೈಕ್ ರೈಲಿ ಮೂರು ವರ್ಷಕ್ಕ 19-19.

ಮೂರನೇ ಡೌನ್:
ಪೆಲಿನಿಗೆ ಪ್ರತಿ ವರ್ಷ ಮೂರ್ನಾಲ್ಕು ಸೋಲೂ ಇತ್ತು, ಅದೂ ಎಂಥ ಸೋಲು! 2012ರ ಬಿಗ್ ಟೆನ್ ಫೈನಲ್‌ನಲ್ಲಿ ವಿಸ್ಕಾನ್ಸಿನ್ 70-31. 2014ರಲ್ಲಿ ಅದೇ ವಿಸ್ಕಾನ್ಸಿನ್‌ನ ಮೆಲ್ವಿನ್ ಗಾರ್ಡನ್ ಒಬ್ಬನೇ 408 ಗಜ ಓಡಿದ, ನಾಲ್ಕನೇ ಕ್ವಾರ್ಟರ್ ಆಡದೇ. ಆದರೂ ತೆಗೆದದ್ದು ತಪ್ಪು ಅಂತಲೇ ನಾನು ಹೇಳುದು. ಒಂಬತ್ತು ಗೆದ್ದವನನ್ನು ತೆಗೀಬೇಕಾದರೆ ಹನ್ನೊಂದು ಗೆಲ್ಲುವವನ ಸಹಿ ಕಿಸೆಯಲ್ಲಿರಬೇಕು.

ಇನ್ನೊಂದು, ಪದ್ಧತಿ ಎಷ್ಟು ಸಲ ಬದಲಾಯ್ತು ನೋಡಿ. ಆಪ್ಷನ್, ವೆಸ್ಟ್ ಕೋಸ್ಟ್, ಪೆಲಿನಿ ಕಾಲದ ಸ್ಪ್ರೆಡ್ (ಆಟಗಾರರನ್ನು ಅಗಲಕ್ಕೆ ಹರಡುದು), ರೈಲಿಯ ಪ್ರೊ-ಸ್ಟೈಲ್ (ಎನ್‌ಎಫ್‌ಎಲ್ ಮಾದರಿ), ಸ್ಕಾಟ್ ಫ್ರಾಸ್ಟ್‌ನ ವೇಗದ ಸ್ಪ್ರೆಡ್, ಮ್ಯಾಟ್ ರೂಲ್ ಬಂದು ಮತ್ತೆ ಪ್ರೊ-ಸ್ಟೈಲ್. ಪ್ರತಿ ಸಲವೂ ಟೈಟ್ ಎಂಡ್ (ಲೈನ್ ಪಕ್ಕ ನಿಂತು ತಡೆಯುವ, ಚೆಂಡೂ ಹಿಡಿಯುವ ಆಟಗಾರ) ಬೇಕಾ ಬೇಡವಾ, ಲೈನ್‌ಮನ್ ಭಾರ ಇರಬೇಕಾ ಚುರುಕು ಇರಬೇಕಾ ಅಂತ ಮೊದಲಿನಿಂದ ಶುರು.

ಕೆಂಪಂಗಿ:
ಫ್ರಾಸ್ಟ್ ವಿಷಯದಲ್ಲಿ ನನಗೂ ಉತ್ತರ ಇಲ್ಲ. 1997ರ ಚಾಂಪಿಯನ್ ತಂಡದ ಕ್ವಾರ್ಟರ್‌ಬ್ಯಾಕ್, ಕೋಚ್ ಆಗಿ ಯುಸಿಎಫ್‌ನಲ್ಲಿ (ಫ್ಲೋರಿಡಾದ ವಿಶ್ವವಿದ್ಯಾಲಯ) 2017ರಲ್ಲಿ 13-0. ಮನೆಮಗ ಮನೆಗೆ ಬಂದ ಅಂತ ಹಬ್ಬ ಮಾಡಿದೆವು. ಇಲ್ಲಿ 16-31.

ಲೆಕ್ಕದ ಮೇಷ್ಟ್ರು:
ಉತ್ತರ ಇದೆ, ಸ್ಪೆಷಲ್ ಟೀಮ್ಸ್, ಅಂದರೆ ಒದೆತದ ಆಟಗಳಿಗೆ ಇಳಿಯೋ ಗುಂಪು. 2021ರಲ್ಲಿ 3-9, ಆ ಒಂಬತ್ತೂ ಸೋಲು ಒಂಬತ್ತು ಅಂಕ ಅಥವಾ ಅದಕ್ಕಿಂತ ಕಡಿಮೆಯಲ್ಲಿ. ಇಡೀ ಸೀಸನ್‌ನಲ್ಲಿ ಬಿಟ್ಟುಕೊಟ್ಟದ್ದಕ್ಕಿಂತ ಹೆಚ್ಚು ಅಂಕ ಗಳಿಸಿಯೂ 3-9! ಓಕ್ಲಹೋಮಾ ಪಂದ್ಯದಲ್ಲಿ ಎಕ್ಸ್‌ಟ್ರಾ ಪಾಯಿಂಟ್ ಒದೆತ ಬ್ಲಾಕ್ ಆಗಿ, ಅವರು ಅದನ್ನೇ ಎತ್ತಿಕೊಂಡು ಓಡಿ 2 ಅಂಕ ಮಾಡಿದರು, ಸೋತದ್ದು 23-16. ಮಿಷಿಗನ್ ಸ್ಟೇಟ್ ವಿರುದ್ಧ ನಾಲ್ಕನೇ ಕ್ವಾರ್ಟರ್‌ನಲ್ಲಿ ಮುಂದಿದ್ದಾಗ ಪಂಟ್ (ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡೋದು) ತಪ್ಪು ಬದಿಗೆ ಹೋಯಿತು. ತಡೆಯೋ ಹತ್ತು ಜನ ಬಲಕ್ಕೆ ಓಡ್ತಿದ್ದಾರೆ, ಚೆಂಡು ಎಡಕ್ಕೆ. 62 ಗಜದ ರಿಟರ್ನ್ ಟಚ್‌ಡೌನ್, ಓವರ್‌ಟೈಮ್‌ನಲ್ಲಿ 23-20 ಸೋಲು. ಐಯೊವಾ ಪಂದ್ಯದಲ್ಲಿ ಪಂಟ್ ಬ್ಲಾಕ್ ಆಗಿ ಟಚ್‌ಡೌನ್, 28-21. ಆಮೇಲೆ 2022ರ ಮೊದಲ ಪಂದ್ಯ, ಡಬ್ಲಿನ್‌ನಲ್ಲಿ ನಾರ್ತ್‌ವೆಸ್ಟರ್ನ್ ವಿರುದ್ಧ 28-17 ಮುಂದಿದ್ದಾಗ ಆನ್‌ಸೈಡ್ ಕಿಕ್ (ತಾವೇ ಮತ್ತೆ ಹಿಡಿಯೋಕೆ ಒದೆಯೋ ಚಿಕ್ಕ ಒದೆತ)! ಚೆಂಡು ಅವರ ಪಾಲಾಯಿತು, 31-28. ಸಂಪ್ರದಾಯ ಗೊತ್ತಿದ್ದರೆ ಪಂಟ್ ನೇರ ಹೋಗಲ್ಲ.

ನೀಲಿ-ಹಳದಿ:
ಫ್ರಾಸ್ಟ್‌ನ ತೆಗೆದ ದಿನಾಂಕ ಇನ್ನೂ ಅರ್ಥ ಆಗಿಲ್ಲ. ಜಾರ್ಜಿಯಾ ಸದರ್ನ್ ಕೈಲಿ 45-42 ಸೋತ ಮರುದಿನ, 2022ರ ಸೆಪ್ಟೆಂಬರ್ 11. ಪರಿಹಾರ ಸುಮಾರು 1.5 ಕೋಟಿ ಡಾಲರ್. ಅಕ್ಟೋಬರ್ 1ರವರೆಗೆ ಕಾದಿದ್ರೆ 75 ಲಕ್ಷಕ್ಕೆ ಇಳೀತಿತ್ತು. ಮೂರು ವಾರಕ್ಕೆ 75 ಲಕ್ಷ!

ಮೂರನೇ ಡೌನ್:
ಆ ಮೂರು ವಾರದಲ್ಲಿ ಹೊಸ ಕೋಚ್ ಹುಡುಕಾಟ ಬಹಿರಂಗವಾಗಿ ಶುರು ಮಾಡಬಹುದು. ಈಗ ಮೊದಲ ಸೈನಿಂಗ್ ಡಿಸೆಂಬರ್‌ನಲ್ಲೇ. ನವೆಂಬರ್ ಕೊನೆಗೆ ರೂಲ್ ಬಂದರು, ಅದರಿಂದಲೇ ಕೆಲವು ಹುಡುಗರಾದರೂ ಉಳಿದರು. ಆಗ ಕೋಚ್ ಹೋದರೆ ಆ ತಂಡದವರಿಗೆ ಟ್ರಾನ್ಸ್‌ಫರ್ ಪೋರ್ಟಲ್ (ಬೇರೆ ಕಾಲೇಜಿಗೆ ಹೋಗುವವರ ಪಟ್ಟಿ) ಪ್ರತ್ಯೇಕವಾಗಿ ತೆರೀತಿತ್ತು. ಕುರ್ಚಿ ಖಾಲಿ ಇದ್ದಷ್ಟು ದಿನ ಒಬ್ಬೊಬ್ಬರೇ ಜಾರ್ತಿದ್ದರು. ಟೆಕ್ಸಸ್ ಎ ಅಂಡ್ ಎಂ 2023ರಲ್ಲಿ ಜಿಂಬೊ ಫಿಷರ್‌ಗೆ ಒಪ್ಪಿಕೊಂಡದ್ದು ಸುಮಾರು 7.6 ಕೋಟಿ ಡಾಲರ್. ಬೇರೆ ಕಡೆ ಕೆಲಸ ಸಿಕ್ಕರೆ ಅಷ್ಟು ಕಳೆಯುವ ಷರತ್ತೂ ಇರಲಿಲ್ಲ. ಅದರ ಮುಂದೆ ಇದು ಚಿಲ್ಲರೆ. ಒಪ್ಪಂದ ಓದುವಾಗ ಮೊತ್ತಕ್ಕಿಂತ ಮೊದಲು ಆ ಷರತ್ತು ನೋಡಬೇಕು.

ಗೋವಿನಜೋಳ:
ರೊಕ್ಕದ ಮಾತು ಸಾಕು. ಇಷ್ಟೆಲ್ಲ ಆದ್ರೂ ಸ್ಟೇಡಿಯಂ ತುಂಬೇತಿ. 1962ರ ನವೆಂಬರ್ 3ರಿಂದ ಇವತ್ತಿನ ತನಕ, 400ಕ್ಕೂ ಹೆಚ್ಚು ಪಂದ್ಯ, ಒಂದೂ ಖಾಲಿ ಹೋಗಿಲ್ಲ. ಸೋತ ತಂಡಕ್ಕ ಇಷ್ಟು ನಿಷ್ಠೆ ಎಲ್ಲಿ ಐತಿ ತೋರಸ್ರಿ.

ಲೆಕ್ಕದ ಮೇಷ್ಟ್ರು:
ಖಾಲಿ ಹೋಗಿಲ್ಲ ಅಂದರೆ ಟಿಕೆಟ್ ಮಾರಾಟವಾಗಿದೆ ಅಂತ. 2021ರಲ್ಲಿ ಉಳಿದ ಟಿಕೆಟ್‌ಗಳನ್ನು ದಾನಿಗಳು ಕೊಂಡು ಬಡ ಮಕ್ಕಳಿಗೆ ಕೊಟ್ಟು ಸರಣಿ ಉಳಿಸಿದರು. ಒಳ್ಳೇ ಕೆಲಸ. ಆದರೆ ಆ ಅಂಕಿಯನ್ನು ಗುರಾಣಿ ಮಾಡಿಕೊಳ್ಳಬೇಡಿ.

ಗೋವಿನಜೋಳ:
ದಾನಿಗಳೂ ಅಭಿಮಾನಿಗಳs ಅಲ್ರಿ? 17 ಸೀಸನ್ "ಈ ಸಲ ಕಪ್ ನಮ್ದೇ" ಅಂದ ಮಂದಿಗೆ ನಿಷ್ಠಾ ಹೇಳಿಕೊಡಬ್ಯಾಡ್ರಿ, ಮೇಷ್ಟ್ರ.

ಕೆಂಪಂಗಿ:
😀 ಅದಕ್ಕೆ ಉತ್ತರ ಇಲ್ಲ. ಆದರೂ ರೂಲ್ ಬಗ್ಗೆ ಹೇಳಿ. ಬಂದಾಗ ಮಾಡಿದ ಒಪ್ಪಂದ ಎಂಟು ವರ್ಷ, 7.4 ಕೋಟಿ ಡಾಲರ್. 2023ರಲ್ಲಿ 5-7, 2024ರಲ್ಲಿ 7-6, ಪಿನ್‌ಸ್ಟ್ರೈಪ್ ಬೌಲ್‌ನಲ್ಲಿ ಬಾಸ್ಟನ್ ಕಾಲೇಜನ್ನು 20-15ರಿಂದ ಸೋಲಿಸಿದರು. 2016ರ ನಂತರ ಮೊದಲ ಬೌಲ್ ಪಂದ್ಯ. ಕಾಯೋಣ್ವಾ?

ಮೂರನೇ ಡೌನ್:
ಕಾಯುವ. ನಾನು ಕಾಯುದು ಬೇರೆ ವಿಷಯಕ್ಕೆ. ಆಸ್ಬರ್ನ್ ಕಾಲದಲ್ಲಿ ಸ್ಕಾಲರ್‌ಶಿಪ್ ಇಲ್ಲದೇ ಸ್ವಂತ ಖರ್ಚಿನಲ್ಲಿ ಬಂದು ಆಡುವ ವಾಕ್-ಆನ್ ಹುಡುಗರನ್ನೂ ಸೇರಿಸಿ ನೂರೈವತ್ತರ ಹತ್ತಿರ ಆಟಗಾರರು. ಅಭ್ಯಾಸ ಒಂದೇ ಹೊತ್ತಿಗೆ ನಾಲ್ಕು ಕಡೆ ನಡೀತಿತ್ತು. ಮೂರನೇ ಸಾಲಿನವನಿಗೂ ಮೊದಲನೆಯವನಿಗೆ ಸಿಕ್ಕಷ್ಟೇ ಸಲ ಆಟ. ಊರೂರಿನ ಹೊಲದ ಹುಡುಗ ನಾಲ್ಕನೇ ವರ್ಷಕ್ಕೆ ಆಡುವ ಮಟ್ಟಕ್ಕೆ ಬರ್ತಿದ್ದದ್ದು ಅಲ್ಲಿಂದ. ನನ್ನ ಮಟ್ಟಿಗೆ ಸಂಪ್ರದಾಯ ಅಂದರೆ ಅದು. ಅದು ಮರಳುತ್ತದಾ?

ಲೆಕ್ಕದ ಮೇಷ್ಟ್ರು:
2025ರಿಂದ ತಂಡದ ಮಿತಿ 105. ಆಗಲೇ ಇದ್ದವರಿಗೆ ವಿನಾಯಿತಿ ಇದೆ, ಹೊಸಬರಿಗಿಲ್ಲ. ಲೆಕ್ಕ ಹಾಕಿ. 105ರಲ್ಲಿ ಆಫೆನ್ಸಿವ್ ಲೈನ್‌ಗೆ ಹೆಚ್ಚೆಂದರೆ 17 ಜನ. ಮೂವರು ಗಾಯಾಳು ಅಂತಿಟ್ಟುಕೊಳ್ಳಿ, 14. ಐದೈದರ ಎರಡು ಸಾಲು ಆಗುತ್ತೆ, ಮೂರನೆಯದಕ್ಕೆ ಒಬ್ಬ ಕಡಿಮೆ. ನಾಲ್ಕು ಕಡೆ ಅಂದರೆ ಆಫೆನ್ಸ್‌ಗೆ ಎರಡು, ಡಿಫೆನ್ಸ್‌ಗೆ ಎರಡು. ಡಿಫೆನ್ಸ್‌ನವರ ಎದುರು ನಿಲ್ಲೋಕೂ ಲೈನ್ ಬೇಕಲ್ಲ, ಅಲ್ಲಿಗೆ ಒಟ್ಟು ನಾಲ್ಕು ಸಾಲು, 20 ಜನ.

ಮೂರನೇ ಡೌನ್:
ಆರು ಜನ ಕಡಿಮೆ ಬಿದ್ದರು.

ಗೋವಿನಜೋಳ:
ಮೂರು ಕಡೆ ಮಾಡ್ರಿ. ಒಬ್ಬ ಟೈಟ್ ಎಂಡ್‌ನ್ನ ಲೈನಿಗೆ ನಿಲ್ಲಿಸಿದ್ರ 15 ಆತಲ್ಲ.