ಅಮ್ಮನ ಜೊತೆ ಎಂಟು ದಿನ ಜಪಾನ್: ಯಾವ ಊರು ಇಟ್ಕೊಳ್ಳೋದು, ಯಾವುದು ಬಿಡೋದು?

ಕೇಳಿದವರು, ಮೈಸೂರಿನಿಂದ

ನವೆಂಬರ್ ಕೊನೇ ವಾರ ನಾನು, ನಮ್ಮೆಜಮಾನ್ರು, ನಮ್ಮಮ್ಮ ಮೂರು ಜನ ಜಪಾನ್‌ಗೆ ಹೊರಟಿದ್ದೇವೆ. ಕೈಯಲ್ಲಿರೋದು ಎಂಟು ದಿನ. ಸದ್ಯಕ್ಕೆ ಟೋಕಿಯೊ ಎರಡು ದಿನ, ಹಕೋನೆ ಒಂದು, ಕ್ಯೋಟೊ ಒಂದು, ನಾರಾ ಒಸಾಕಾ ಸೇರಿಸಿ ಒಂದು, ಹಿರೋಶಿಮಾ ಒಂದು, ಆಮೇಲೆ ಮತ್ತೆ ಟೋಕಿಯೊ ಅಂತ ಬರೆದುಕೊಂಡಿದ್ದೇವೆ. ಅಮ್ಮನಿಗೆ 66 ವರ್ಷ. ಚೆನ್ನಾಗಿ ನಡೀತಾರೆ, ಆದರೆ ಮೆಟ್ಟಿಲು ಜಾಸ್ತಿಯಾದರೆ ಮಂಡಿ ಹಿಡಿಯುತ್ತೆ. ಮೀನು, ಮೊಟ್ಟೆ ಏನೂ ಮುಟ್ಟಲ್ಲ. ಹಳೇ ದೇವಸ್ಥಾನ ನೋಡಬೇಕು ಅನ್ನೋದೊಂದೇ ಅವರ ಆಸೆ. ಎಲ್ಲರೂ ಹೇಳೋ ಆ ಏಳು ದಿನದ ರೈಲ್ ಪಾಸ್ ತಗೋಬೇಕಾ? ಊಟಕ್ಕೆ ಏನು ಮಾಡಿದಿರಿ? ಯಾವ ದೇವಸ್ಥಾನ ಬಿಟ್ಟರೂ ಪರವಾಗಿಲ್ಲ, ಯಾವುದು ಬಿಡಲೇಬಾರದು? ಹೋಗಿಬಂದವರು ದಯವಿಟ್ಟು ಹೇಳಿ.

ಬೆಂಗಳೂರಿನಿಂದ

ಮೇಡಂ, ನಿಮ್ಮ ಪಟ್ಟಿ ನೋಡಿ ನಮ್ಮದೇ ನೆನಪಾಯ್ತು. ಅಪ್ಪ ಅಮ್ಮನ್ನ ಕರೆದುಕೊಂಡು ಹೋದಾಗ ನಾನೂ ಹೀಗೇ ಆರು ಊರು ಬರೆದುಕೊಂಡಿದ್ದೆ. ಕ್ಯೋಟೊದಲ್ಲಿ ಒಂದೇ ದಿನಕ್ಕೆ ಐದು ದೇವಸ್ಥಾನ ಇಟ್ಟಿದ್ದೆ. ನಾಲ್ಕನೆಯದು ಕಿಂಕಾಕುಜಿ, ಚಿನ್ನದ ತಗಡು ಹೊದಿಸಿದ ಮಂಟಪ. ಅಲ್ಲಿಗೆ ಬರುವ ಹೊತ್ತಿಗೆ ಅಮ್ಮ ಗೇಟಿನ ಹೊರಗೆ ಬೆಂಚಿನ ಮೇಲೆ ಕೂತುಬಿಟ್ಟರು. 'ನೀವು ನೋಡ್ಕೊಂಡು ಬನ್ನಿ, ನಾನಿಲ್ಲೇ ಇರ್ತೀನಿ' ಅಂದರು. ಅಷ್ಟು ದೂರ ಹೋಗಿ ಅವರು ಅದನ್ನು ನೋಡಲೇ ಇಲ್ಲ. ಆ ಬೇಜಾರು ನನಗೆ ಇವತ್ತಿಗೂ ಹೋಗಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳ್ತಿದ್ದೇನೆ: ಊರು ಕಡಿಮೆ ಮಾಡಿ. ಒಂದು ಊರು ಬದಲಾಯಿಸಿದರೆ ಅರ್ಧ ದಿನ ಹೋಯ್ತು ಅಂತಲೇ ಲೆಕ್ಕ. ನವೆಂಬರ್ ಕೊನೆಗೆ ಕ್ಯೋಟೊದಲ್ಲಿ ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಹೆಚ್ಚಿನ ದೇವಸ್ಥಾನಗಳೂ ನಾಲ್ಕರಿಂದ ಐದರ ಒಳಗೆ ಬಾಗಿಲು ಹಾಕುತ್ತವೆ. ಮೇಲಾಗಿ ಅದು ಕೆಂಪೆಲೆ ನೋಡೋಕೆ ಜನ ಮುಗಿಬೀಳೋ ಕಾಲ.

ರೈಲ್ ಪಾಸ್ ಬೇಡ. 2023ರ ಅಕ್ಟೋಬರ್‌ಗೆ ಮುಂಚೆ ಏಳು ದಿನದ ಪಾಸ್ 29,650 ಯೆನ್ ಇತ್ತು, ಆಗ ಲಾಭ ಇತ್ತು. ಆ ತಿಂಗಳಿಂದ ಅದನ್ನು 50,000ಕ್ಕೆ ಏರಿಸಿದರು. ಟೋಕಿಯೊದಿಂದ ಕ್ಯೋಟೊಗೆ ಬುಲೆಟ್ ರೈಲಿನ ಟಿಕೆಟ್ ಸುಮಾರು 14,000 ಯೆನ್. ಹೋಗಿ ಬಂದರೂ 28,000 ಆಯ್ತು, ಅಷ್ಟೇ. ಎಲ್ಲಕ್ಕಿಂತ ಬೇಗ ಹೋಗೋ ನೊಜೋಮಿ ರೈಲಿಗೆ ಪಾಸ್ ಇದ್ದವರೂ ಮೇಲೆ ದುಡ್ಡು ಕಟ್ಟಬೇಕು. ಅದಕ್ಕಿಂತ ಒಂದು ಕೆಲಸ ಮಾಡಿ: ಟೋಕಿಯೊದಲ್ಲಿ ಇಳಿದು, ಒಸಾಕಾ ಹತ್ತಿರದ ಕನ್ಸಾಯ್ ಏರ್‌ಪೋರ್ಟಿಂದ ವಾಪಸ್ ಬನ್ನಿ. ಬೆಂಗಳೂರಿಂದ ಟೋಕಿಯೊದ ನರಿತಾಗೆ ನೇರ ವಿಮಾನ ಇದೆ. ಬರುವಾಗ ಒಂದು ಕಡೆ ವಿಮಾನ ಬದಲಾಯಿಸಬೇಕಾಗುತ್ತೆ, ಆದರೆ ಟೋಕಿಯೊಗೆ ಸುಮ್ನೆ ಹಿಂದಿರುಗೋ ಒಂದು ದಿನ ಉಳಿಯುತ್ತೆ.

ಕ್ಯೋಟೊ ಕಡೆಗೆ ಹೋಗುವಾಗ ಬಲಗಡೆಯ ಇ ಸೀಟ್ ಕೇಳಿ ತಗೊಳ್ಳಿ. ಹೊರಟು ಮುಕ್ಕಾಲು ಗಂಟೆಗೆ ಫುಜಿ ಬೆಟ್ಟ ಕಾಣುತ್ತೆ. ಮೋಡ ಇಲ್ಲದಿದ್ದರೆ ನೋಡೋಕೆ ಎರಡು ಕಣ್ಣು ಸಾಲದು. ಫುಜಿಗೋಸ್ಕರ ಹಕೋನೆಗೆ ಅಂತ ಒಂದು ದಿನ ಇಡಬೇಡಿ.

ಟೋಕಿಯೊದಿಂದ

ನಾವು ಇಲ್ಲಿಗೆ ಬಂದು ಒಂಬತ್ತು ವರ್ಷ ಆಯ್ತು. ಊಟದ ವಿಷಯ ನಾನು ಹೇಳ್ತೀನಿ, ಯಾಕಂದ್ರೆ ಊರಿಂದ ಬಂದವರೆಲ್ಲ ಎಡವೋದು ಅಲ್ಲೇ.

ಇಲ್ಲಿ ಕಣ್ಣಿಗೆ ಕಾಣೋ ಮೀನು ಸಮಸ್ಯೆ ಅಲ್ಲ, ಕಾಣದೇ ಇರೋದು ಸಮಸ್ಯೆ. ದಾಶಿ ಅಂತ ಒಂದು ಕಟ್ಟು ಇದೆ, ನಮ್ಮ ಬೇಳೆಕಟ್ಟಿನ ಹಾಗೆ ಎಲ್ಲ ಅಡುಗೆಗೂ ಅದೇ ಬುಡ. ಸಾಮಾನ್ಯವಾಗಿ ಅದನ್ನು ಒಣಗಿಸಿದ ಮೀನಿನ ಎಸಳಿಂದ ಮಾಡ್ತಾರೆ. ಉದೋನ್ ನೂಡಲ್ಸಿನ ಸಾರು, ಸೋಯಾದ ಮಿಸೋ ಸೂಪ್, ಬೇಯಿಸಿದ ಕುಂಬಳಕಾಯಿ, ಎಲ್ಲದರಲ್ಲೂ ಇರುತ್ತೆ. 'ವೆಜಿಟೇರಿಯನ್' ಅಂದರೆ ಮಾಂಸದ ತುಂಡು ತೆಗೆದು ಅದೇ ಸಾರು ಕೊಡೋರೂ ಇದ್ದಾರೆ. ಮೋಸ ಅಲ್ಲ ಅದು, ಅವರ ಮನಸ್ಸಿನಲ್ಲಿ ದಾಶಿ ಮೀನಿನ ಲೆಕ್ಕಕ್ಕೇ ಬರಲ್ಲ. 'ಮಾಂಸ, ಮೀನು, ಮೊಟ್ಟೆ, ಮೀನಿನ ದಾಶಿ ತಿನ್ನಲ್ಲ' ಅಂತ ಜಪಾನೀ ಲಿಪಿಯಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಳ್ಳಿ. ಬಾಯಲ್ಲಿ ಹೇಳೋದಾದರೆ 'ನಿಕು ಮೊ ಸಕಾನಾ ಮೊ ತಾಬೆಮಾಸೆನ್', ಮಾಂಸಾನೂ ಮೀನೂ ತಿನ್ನಲ್ಲ ಅಂತ.

ಅಮ್ಮನ ಬೆಳಗಿನ ತಿಂಡಿಗೆ ಮನೆಯಿಂದಲೇ ಉಪ್ಪಿಟ್ಟಿನ ಮಿಕ್ಸ್, ಅವಲಕ್ಕಿ, ಚಟ್ನಿಪುಡಿ ತನ್ನಿ. ಹೋಟೆಲ್ ರೂಮಿನಲ್ಲಿ ಬಿಸಿನೀರಿನ ಕೆಟಲ್ ಸಾಮಾನ್ಯವಾಗಿ ಇರುತ್ತೆ. ಹಣ್ಣು, ತರಕಾರಿ, ಕರಿಬೇವು ಇಂಥ ಹಸಿ ಪದಾರ್ಥ ತರಬೇಡಿ, ಏರ್‌ಪೋರ್ಟಲ್ಲಿ ತೆಗೆದಿಡ್ತಾರೆ. ಶೀತದ ಮಾತ್ರೆ ತರೋರು ಅದರಲ್ಲಿ ಸ್ಯೂಡೋಎಫೆಡ್ರಿನ್ ಇದೆಯಾ ಅಂತ ನೋಡಿ, ಅದು ಶೇಕಡಾ 10ಕ್ಕಿಂತ ಜಾಸ್ತಿ ಇದ್ದರೆ ಇಲ್ಲಿ ನಿಷಿದ್ಧ. ಮೊಸರು ಪ್ರತಿ ಅಂಗಡಿಯಲ್ಲೂ ಸಿಗುತ್ತೆ. ಡಬ್ಬಿ ಮೇಲೆ 無糖 ಅಂತ ಇರೋದನ್ನ ಹುಡುಕಿ, ಮುತೋ ಅಂತಾರೆ, ಸಕ್ಕರೆ ಹಾಕಿಲ್ಲ ಅಂತ ಅರ್ಥ. ಇಲ್ಲಿಯ ಅನ್ನ ಸ್ವಲ್ಪ ಅಂಟು, ಮೊಸರನ್ನಕ್ಕೆ ಹೇಳಿ ಮಾಡಿಸಿದ ಹಾಗಿರುತ್ತೆ.

ಟೋಕಿಯೊದಲ್ಲಿ ಅಸಾಕುಸಾದ ಸೆನ್ಸೋಜಿ ದೇವಸ್ಥಾನ ನೋಡಿ. ಸುಮಿದಾ ನದಿಯಲ್ಲಿ ಇಬ್ಬರು ಅಣ್ಣತಮ್ಮಂದಿರು ಬೀಸಿದ ಬಲೆಗೆ 628ರಲ್ಲಿ ಕನ್ನೋನ್ ದೇವಿಯ ಮೂರ್ತಿ ಸಿಕ್ಕಿತು ಅಂತ ಐತಿಹ್ಯ. ಹೊತ್ತೇರಿದ ಮೇಲೆ ಅಲ್ಲಿ ಕಾಲಿಡೋಕೆ ಜಾಗ ಇರಲ್ಲ. ನಿದ್ದೆ ಬಿಟ್ಟು ಏಳು ಗಂಟೆಗೆ ಹೋಗಿ. ಅಂಗಡಿಗಳ ಶಟರ್ ಇನ್ನೂ ಇಳಿದಿರುತ್ತೆ, ಊದುಬತ್ತಿ ಹೊಗೆಗೆ ತಲೆ ಒಡ್ಡಿ ನಿಂತ ಅಜ್ಜಿಯರು ಮಾತ್ರ ಇರ್ತಾರೆ. ಇನ್ನೊಂದು ದಿನ ರೈಲಿನಲ್ಲಿ ಒಂದು ಗಂಟೆ ದೂರದ ಕಾಮಾಕುರಾಗೆ ಹೋಗಿಬನ್ನಿ. ಅಲ್ಲಿನ ಕಂಚಿನ ಬುದ್ಧ 13ನೇ ಶತಮಾನದ್ದು. ಅವನಿಗಿದ್ದ ಗುಡಿ ಹಾಳಾಗಿ ಹೋಗಿ, ಶತಮಾನಗಳಿಂದ ಬಯಲಲ್ಲೇ ಮಳೆ ಬಿಸಿಲಿಗೆ ಕೂತಿದ್ದಾನೆ. ಮೆಟ್ಟಿಲೂ ಹೆಚ್ಚಿಲ್ಲ.

ಧಾರವಾಡದಿಂದ

ಅಕ್ಕಾ, ನಿಮ್ಮ ತಾಯಿಯವರಿಗೆ ದೇವಸ್ಥಾನದ ಆಸೆ ಅಂದಿರಲ್ಲ, ಹಾಗಾದರೆ ಕ್ಯೋಟೊದಲ್ಲಿ ಚಿನ್ನದ ಮಂಟಪಕ್ಕಿಂತ ಮೊದಲು ಈ ಎರಡು ನೋಡಿ. ಎರಡಕ್ಕೂ ಬೆಟ್ಟ ಹತ್ತಬೇಕಾಗಿಲ್ಲ.

ಒಂದು ಸಂಜುಸಾಂಗೆನ್‌ದೊ. ಸುಮಾರು 120 ಮೀಟರ್ ಉದ್ದದ ಮರದ ಸಭಾಂಗಣ, ಈಗ ಇರೋದು 1266ರಲ್ಲಿ ಮತ್ತೆ ಕಟ್ಟಿದ್ದು. ಒಳಗೆ ನಡುವೆ ಕೂತ ದೊಡ್ಡ ಕನ್ನೋನ್, ಎರಡೂ ಕಡೆ ಐನೂರು ಐನೂರು ನಿಂತ ಮೂರ್ತಿಗಳು. ಒಟ್ಟು ಸಾವಿರದ ಒಂದು. ಫೋಟೊ ತೆಗೆಯೋ ಹಾಗಿಲ್ಲ. ಅವುಗಳ ಮುಂದೆ 28 ಕಾವಲು ದೇವತೆಗಳ ಸಾಲು ಇದೆ. ನಮ್ಮವ್ವ ಒಂದರ ಮುಂದೆ ನಿಂತುಬಿಟ್ಟಳು. ಹಕ್ಕಿಯ ಕೊಕ್ಕು, ಬೆನ್ನಿಗೆ ರೆಕ್ಕೆ, ಕೈಯಲ್ಲಿ ಕೊಳಲು. 'ಇದು ಗರುಡ ಅಲ್ಲೇನು?' ಅಂದಳು. ಗರುಡನೇ. ಅಲ್ಲಿ ಅವನ ಹೆಸರು ಕರುರಾ. ಅದೇ ಸಾಲಿನಲ್ಲಿ ಬ್ರಹ್ಮ, ಇಂದ್ರ, ಮಹೇಶ್ವರ, ನಾರಾಯಣ ಎಲ್ಲರೂ ಇದ್ದಾರೆ. ಭಾರತದಿಂದ ಚೀನಾ, ಕೊರಿಯಾ ದಾಟಿ ಬೌದ್ಧ ಧರ್ಮದ ಜೊತೆ ಅಲ್ಲಿಗೆ ಹೋದವರು. ಆಮೇಲೆ ನಮ್ಮವ್ವ ಒಂದೊಂದರ ಮುಂದೂ ನಿಂತು ಕೈಮುಗಿದಳು. ಅರ್ಧ ಗಂಟೆಗೆ ಅಂತ ಹೋದವರು ಎರಡು ತಾಸು ಅಲ್ಲೇ ಇದ್ದೆವು.

ಎರಡನೆಯದು ತೋಜಿ. ಕ್ಯೋಟೊ ಸ್ಟೇಷನ್ನಿಂದ ನಡೆದರೆ ಕಾಲು ಗಂಟೆ. ಅಲ್ಲಿಯ ಐದು ಅಂತಸ್ತಿನ ಗೋಪುರ ಸುಮಾರು 55 ಮೀಟರ್, ಜಪಾನಿನ ಮರದ ಗೋಪುರಗಳಲ್ಲೆಲ್ಲ ಎತ್ತರದ್ದು. ಆದರೆ ನೀವು ನೋಡಬೇಕಾದ್ದು ಉಪನ್ಯಾಸ ಮಂದಿರದೊಳಗಿನ 21 ಮೂರ್ತಿಗಳನ್ನ. ಬ್ರಹ್ಮ ಹಂಸಗಳ ಮೇಲೆ, ಇಂದ್ರ ಆನೆಯ ಮೇಲೆ. ಹೆಸರು ಬೇರೆ, ವಾಹನ ಮಾತ್ರ ಬದಲಾಗಿಲ್ಲ.

ನಾರಾಕ್ಕೆ ಕ್ಯೋಟೊದಿಂದ ಮುಕ್ಕಾಲು ಗಂಟೆಯ ರೈಲು, ಅಲ್ಲೇ ಉಳಿಯೋದು ಬೇಕಿಲ್ಲ. ತೋದಾಯ್‌ಜಿಯ ಮಹಾಬುದ್ಧನ ಮುಂದೆ ಹೋದಾಗ ನಿಮ್ಮ ತಾಯಿಗೆ ಇದನ್ನು ಹೇಳಿ: 752ರಲ್ಲಿ ಆ ಮೂರ್ತಿಗೆ ಕಣ್ಣು ಬರೆದವನು ಭಾರತದಿಂದ ಹೋದ ಬೋಧಿಸೇನ ಅನ್ನೋ ಭಿಕ್ಷು. ನಮ್ಮಲ್ಲಿ ಪ್ರತಿಷ್ಠೆಯ ಹೊತ್ತಿಗೆ ನೇತ್ರೋನ್ಮೀಲನ ಮಾಡ್ತಾರಲ್ಲ, ಅದೇ. ಅವನ ಕುಂಚಕ್ಕೆ ದಾರ ಕಟ್ಟಿದ್ದರಂತೆ. ನೆರೆದವರೆಲ್ಲ ಆ ದಾರ ಹಿಡಿದು, ತಾವೂ ಕಣ್ಣು ಬರೆದಂತೆ ಪುಣ್ಯ ಕಟ್ಟಿಕೊಂಡರಂತೆ. ಅವನನ್ನು ಜಪಾನಿನವರು 'ಬರಮೊನ್ ಸೋಜೊ' ಅಂತ ಕರೆದರು. ಬರಮೊನ್ ಅಂದರೆ ಬ್ರಾಹ್ಮಣ.

ನಾರಾದ ಪಾರ್ಕಿನಲ್ಲಿ ಜನರ ನಡುವೆಯೇ ಓಡಾಡೋ ಜಿಂಕೆಗಳ ಬಗ್ಗೆ ಒಂದು ಮಾತು. ಅವಕ್ಕೆ ಕೊಡೋ ಬಿಸ್ಕತ್ತನ್ನು ಅವ್ವನ ಕೈಗೆ ಕೊಡಬೇಡಿ. ಸೀರೆ ಸೆರಗು ಹಿಡಿದು ಎಳೀತಾವೆ.

ಶಿವಮೊಗ್ಗದಿಂದ

ಊರು ಕಡಿಮೆ ಮಾಡಬೇಕು ಅಂದರೆ ಎಲ್ಲರೂ ಮೊದಲು ಹಿರೋಶಿಮಾ ಬಿಡಿ ಅಂತಾರೆ. ನನಗೆ ಒಪ್ಪೋಕೆ ಕಷ್ಟ. ಅಲ್ಲಿಯ ಶಾಂತಿ ಸ್ಮಾರಕ ಮ್ಯೂಸಿಯಂನಲ್ಲಿ ಸುಟ್ಟು ತುಕ್ಕು ಹಿಡಿದ ಒಂದು ಮೂರು ಗಾಲಿಯ ಸೈಕಲ್ ಇದೆ. ಮೂರು ವರ್ಷದ ಮಗುವಿನದು. ಅಣುಬಾಂಬ್ ಬಿದ್ದ ಹೊತ್ತಿಗೆ, 8.15ಕ್ಕೆ ನಿಂತುಹೋದ ವಾಚ್ ಇದೆ. ನಾನು ಹೊರಗೆ ಬಂದ ಮೇಲೆ ತುಂಬ ಹೊತ್ತು ಮಾತಾಡಲಿಲ್ಲ. ಆದರೆ ಕ್ಯೋಟೊದಿಂದ ಬುಲೆಟ್ ರೈಲಿನಲ್ಲೂ ಹೋಗೋಕೆ ಒಂದೂ ಮುಕ್ಕಾಲು ಗಂಟೆ, ಬರೋಕೆ ಅಷ್ಟೇ. ಅದನ್ನು ನೋಡಿ, ಅದೇ ದಿನ ಮಿಯಾಜಿಮಾ ದ್ವೀಪಕ್ಕೆ ಓಡಿ, ನೀರಲ್ಲಿ ನಿಂತ ದೇವಸ್ಥಾನದ ಆ ಕೆಂಪು ಹೆಬ್ಬಾಗಿಲಿನ ಫೋಟೊ ತೆಗೆದು ವಾಪಸ್ ಬರೋದಾದರೆ ಬೇಡ. ಎರಡು ದಿನ ಕೊಡೋಕಾಗಲ್ಲ ಅಂದರೆ ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ.

ಉಡುಪಿಯಿಂದ

ಕೋಯಾಸಾನ್ ಯಾರೂ ಹೇಳಲಿಲ್ಲವಲ್ಲ! ಸಸ್ಯಾಹಾರಿಗಳಿಗೆ ಜಪಾನಿನಲ್ಲಿ ಒಂದು ರಾತ್ರಿ ನಿಶ್ಚಿಂತೆಯಾಗಿ ಉಣ್ಣಬೇಕು ಅಂದರೆ ಅದೇ ಜಾಗ.

ಸುಮಾರು 800 ಮೀಟರ್ ಎತ್ತರದ ಬೆಟ್ಟದೂರು. ಕೂಕಾಯ್ ಅನ್ನೋ ಭಿಕ್ಷು 816ರಲ್ಲಿ ಮಠ ಕಟ್ಟೋಕೆ ಪಡೆದ ಜಾಗ. ಐವತ್ತರಷ್ಟು ಮಠಗಳಲ್ಲಿ ಯಾತ್ರಿಕರಿಗೆ ಉಳಿಯೋ ವ್ಯವಸ್ಥೆ ಇದೆ. ಅಲ್ಲಿಯ ಊಟಕ್ಕೆ ಶೋಜಿನ್ ರ್ಯೋರಿ ಅಂತಾರೆ. ಮಾಂಸ, ಮೀನು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಸಾರಿಗೆ ಕಡಲ ಪಾಚಿ, ಒಣ ಅಣಬೆ. ಪುಟ್ಟ ಪುಟ್ಟ ಬಟ್ಟಲಲ್ಲಿ ಎಳ್ಳಿನ ತೋಫು, ಅನ್ನ, ಉಪ್ಪಿನಕಾಯಿ, ತೆಂಪುರಾ ಅನ್ನೋ ತರಕಾರಿ ಬಜ್ಜಿ ತಂದಿಡ್ತಾರೆ. ತೆಂಪುರಾ ಹಿಟ್ಟಿಗೂ ಮೊಟ್ಟೆ ಬೇಡ ಅಂತ ಬುಕ್ ಮಾಡುವಾಗಲೇ ಒಂದು ಮಾತು ಬರೆದುಬಿಡಿ. ಎಳ್ಳಿನ ತೋಫು ನಮ್ಮ ಹಾಲುಬಾಯಿಯ ಹಾಗೆ ಕತ್ತರಿಸಿದ ಚೌಕ, ಸಿಹಿ ಇಲ್ಲ, ಬಾಯಿಗಿಟ್ಟರೆ ಕರಗುತ್ತೆ.

ಬೆಳಿಗ್ಗೆ ಪೂಜೆಗೆ ಕೂರಬಹುದು. ಕೆಲವು ಮಠಗಳಲ್ಲಿ ಗೊಮಾ ಇರುತ್ತೆ. ಅದು ನಮ್ಮ ಹೋಮವೇ, ಹೆಸರೂ ಅದರದ್ದೇ. ಅಗ್ನಿಗೆ ಸಮಿತ್ತು ಹಾಕ್ತಾ ಮಂತ್ರ ಹೇಳ್ತಾರೆ. ಓಕುನೊಯಿನ್ ಅನ್ನೋ ಕಡೆ, ದೇವದಾರಿನಂಥ ದೊಡ್ಡ ಮರಗಳ ನಡುವೆ ಎರಡು ಕಿಲೋಮೀಟರ್ ದಾರಿ, ಎರಡೂ ಬದಿ ಎರಡು ಲಕ್ಷಕ್ಕೂ ಹೆಚ್ಚು ಸಮಾಧಿಗಳು. ಸಮಾಧಿಗಳ ಹಿಂದೆ ನಿಲ್ಲಿಸಿದ ಮರದ ಪಟ್ಟಿಗಳ ಮೇಲೆ ಸಿದ್ಧಂ ಅನ್ನೋ ಭಾರತದ ಹಳೇ ಲಿಪಿಯಲ್ಲಿ ಸಂಸ್ಕೃತ ಬೀಜಾಕ್ಷರ ಬರೆದಿರ್ತಾರೆ. ದಾರಿಯ ಕೊನೆಗೆ ಕೂಕಾಯ್ ಇದ್ದಾರೆ. 835ರಲ್ಲಿ ಅವರು ತೀರಿಕೊಂಡಿಲ್ಲ, ಧ್ಯಾನಕ್ಕೆ ಕೂತಿದ್ದಾರೆ ಅಂತ ಅಲ್ಲಿಯವರ ನಂಬಿಕೆ. ಇವತ್ತಿಗೂ ದಿನಕ್ಕೆ ಎರಡು ಹೊತ್ತು ಭಿಕ್ಷುಗಳು ಅವರಿಗೆ ಊಟ ಹೊತ್ತು ತರ್ತಾರೆ. ನಮ್ಮತ್ತೆ ಅದನ್ನು ನೋಡಿ 'ನಮ್ಮ ಮಂತ್ರಾಲಯದ ರಾಯರ ಹಾಗೇ ಅಲ್ವಾ' ಅಂದರು. ಅಲ್ಲಿಂದ ಮುಂದೆ ಅವರು ಚಪ್ಪಾಳೆ, ಫೋಟೊ, ಜೋರು ಮಾತು ಯಾವುದಕ್ಕೂ ಬಿಡಲಿಲ್ಲ ನಮ್ಮನ್ನ.

ಒಸಾಕಾದ ನಂಬಾದಿಂದ ರೈಲು, ಕೊನೆಗೆ ಐದು ನಿಮಿಷ ಕೇಬಲ್ ಕಾರ್, ಆಮೇಲೆ ಬಸ್. ಸಂಜೆ ಐದರೊಳಗೆ ಮಠ ಸೇರಬೇಕು, ಊಟ ಬೇಗ. ಮಲಗೋದು ಚಾಪೆ ಮೇಲೆ ಹಾಸಿದ ಹಾಸಿಗೆಯಲ್ಲಿ, ಊಟಕ್ಕೂ ನೆಲದಲ್ಲೇ ಕೂರೋದು. ಅಮ್ಮನ ಮಂಡಿಗೆ ಕುರ್ಚಿ ಬೇಕು ಅಂತ ಮೊದಲೇ ತಿಳಿಸಿ. ಸ್ನಾನ, ಟಾಯ್ಲೆಟ್ ರೂಮಿನೊಳಗೇ ಇದೆಯಾ ಅಂತಲೂ ಕೇಳಿ.

ಕೇಳಿದವರು, ಮೈಸೂರಿನಿಂದ

ನಿಮ್ಮೆಲ್ಲರಿಗೂ ತುಂಬಾ ಥ್ಯಾಂಕ್ಸ್. ಗರುಡ ಕೊಳಲು ಊದೋದನ್ನ ಅಮ್ಮನಿಗೆ ಓದಿ ಹೇಳಿದೆ, ಇನ್ನೊಂದು ಸಲ ಓದು ಅಂದರು. ಹಕೋನೆ, ಹಿರೋಶಿಮಾ ಕೈಬಿಟ್ಟೆವು. ಟೋಕಿಯೊ ಮೂರು ರಾತ್ರಿ, ಕ್ಯೋಟೊ ಮೂರು ರಾತ್ರಿ, ಕೋಯಾಸಾನ್ ಒಂದು ರಾತ್ರಿ, ಅಲ್ಲಿಂದ ನೇರ ಕನ್ಸಾಯ್ ಏರ್‌ಪೋರ್ಟ್. ಕೊನೇ ಪ್ರಶ್ನೆ: ಮೂರು ದೊಡ್ಡ ಸೂಟ್‌ಕೇಸ್ ಇವೆ. ಕೇಬಲ್ ಕಾರಿಗೆ ಅದನ್ನೆಲ್ಲ ಹೊತ್ತುಕೊಂಡು ಹೋಗೋದು ಹೇಗೆ?

ಟೋಕಿಯೊದಿಂದ

ಹೊರಬೇಡಿ. ಇಲ್ಲಿ ತಕ್ಕ್ಯೂಬಿನ್ ಅಂತ ಸೇವೆ ಇದೆ. ಹೋಟೆಲ್ ಕೌಂಟರಿನಲ್ಲಿ ಕೊಟ್ಟರೆ ಮುಂದಿನ ಊರಿನ ಹೋಟೆಲಿಗೆ ಮಾರನೇ ದಿನ ತಲುಪಿಸ್ತಾರೆ. ಒಂದು ಪೆಟ್ಟಿಗೆಗೆ ಎರಡರಿಂದ ಮೂರು ಸಾವಿರ ಯೆನ್. ಟೋಕಿಯೊದಿಂದ ಕ್ಯೋಟೊಗೆ ಹಾಗೆ ಕಳಿಸಿ. ಉದ್ದ, ಅಗಲ, ಎತ್ತರ ಕೂಡಿಸಿ 160 ಸೆಂಟಿಮೀಟರ್ ದಾಟೋ ಪೆಟ್ಟಿಗೆಗೆ ಬುಲೆಟ್ ರೈಲಿನಲ್ಲಿ ದೊಡ್ಡ ಪೆಟ್ಟಿಗೆ ಇಡೋ ಜಾಗ ಇರೋ ಸೀಟನ್ನೇ ಮೊದಲೇ ಕಾದಿರಿಸಬೇಕು, ಆ ರಗಳೆಯೂ ತಪ್ಪುತ್ತೆ. ಕ್ಯೋಟೊದಿಂದ ಏರ್‌ಪೋರ್ಟಿಗೇ ಕಳಿಸಿ, ಎರಡು ದಿನ ಮೊದಲು ಕೊಡಿ. ಕೋಯಾಸಾನ್‌ಗೆ ಒಂದೊಂದು ಕೈಚೀಲ ಸಾಕು. ಅದರಲ್ಲಿ ಅಮ್ಮನಿಗೆ ದಪ್ಪ ಸ್ವೆಟರ್ ಒಂದು, ಉಣ್ಣೆ ಕಾಲುಚೀಲ ಎರಡು ಜೊತೆ ಇಡಿ. ಬೆಳಗಿನ ಪೂಜೆಗೆ ಚಪ್ಪಲಿ ಬಿಟ್ಟು ಮರದ ನೆಲದ ಮೇಲೆ ನಡೀಬೇಕು, ನವೆಂಬರ್ ಕೊನೆಗೆ ಆ ನೆಲ ಮಂಜುಗಡ್ಡೆ ಮುಟ್ಟಿದ ಹಾಗಿರುತ್ತೆ.