ಚೂಪು ಗುಂಡಿನ ಫಾರ್ವರ್ಡು

ಗುಂಪು: ತೀರ್ಥಹಳ್ಳಿ ಮನೆಯೋರು

ರಘು (ಫಾರ್ವರ್ಡ್): ರೈಫಲ್ ಪ್ರಿಯರೇ ಗಮನಿಸಿ!! ದೊಡ್ಡ ಬೋರಿನ (ನಳಿಗೆ ತೂತಿನ) ತೋಟೆ ಮನೇಲೇ ತುಂಬುವವರಿಗೆ ಚೂಪು ಮೂತಿಯ ಗುಂಡೇ ಶ್ರೇಷ್ಠ. ಅಡ್ಡಳತೆ .458 ಇಂಚು ಇದ್ದರೆ ಯಾವ ಗುಂಡಾದರೂ ಸೈ. ಎಲ್ಲ ಗುಂಪಿಗೂ ಕಳಿಸಿ.

ರಘು: ಟೆಕ್ಸಾಸಿನ ಸತೀಶಣ್ಣಂಗೆ ಬೇಕಾಗ್ತದೆ ಅಂತ ಹಾಕ್ದೆ

ಪ್ರಭಾಕರ: ಮೂಲ ಎಲ್ಲಿ? ಎಲೆಚುಕ್ಕಿ ರೋಗಕ್ಕೆ ಮಜ್ಜಿಗೆ ಹೊಡೀರಿ ಅಂತ ಕಳಿಸಿದ್ದೂ ನೀನೇ ಅಲ್ಲನ?

ರಘು: ನಿನ್ನ ಅಡಿಕೆ ರೇಟಿನ ಭವಿಷ್ಯ ಎಂತಾಯ್ತು ಮಾರಾಯ?

ಸತೀಶಣ್ಣ: ರಘು, ನನ್ನದು .45-70 ತೋಟೆಯ ಲೀವರ್ ರೈಫಲ್, ಹಿಡಿ ಕೆಳಗಿನ ಸನ್ನೆ ಎಳೆದು ತೋಟೆ ಏರಿಸೋದು. ನಳಿಗೆ ಕೆಳಗಿನ ಕೊಳವೇಲಿ ತೋಟೆ ಒಂದರ ಹಿಂದೆ ಒಂದು ಕೂರ್ತವೆ. ಗಟ್ಟಿ ಚೂಪು ಮೂತಿ ಮುಂದಿನ ತೋಟೆಯ ಬುಡದ ಕೇಪಿಗೇ, ಅಂದ್ರೆ ಮದ್ದಿಗೆ ಕಿಡಿ ಕೊಡೋ ಭಾಗಕ್ಕೇ, ತಾಗಿರ್ತದೆ. ಕೋವಿ ಒದ್ದಾಗ ಅಲ್ಲೇ ಸಿಡೀಬಹುದು. ಅದಕ್ಕೇ ಚಪ್ಪಟೆ ಮೂತಿ. ರಬ್ಬರಿನ ಹಾಗೆ ಬಗ್ಗೋ ತುದಿಯದ್ದಾದ್ರೆ ಚೂಪಿದ್ರೂ ನಡೀತದೆ.

ದೊಡ್ಡಪ್ಪಯ್ಯ: 1972ರ ವನ್ಯಜೀವಿ ಕಾಯ್ದೆ ಯಾರಾದ್ರೂ ಓದಿದ್ದೀರಾ? ಮನೆ ಗುಂಪಲ್ಲಿ ಶಿಕಾರಿ ಮಾತು ಎಂತಕ್ಕೆ?

ಪ್ರಭಾಕರ: ಅವ ಇರೋದು ಅಮೆರಿಕದಲ್ಲಿ ದೊಡ್ಡಪ್ಪಯ್ಯ. ಸತೀಶಣ್ಣ, ಅಡ್ಡಳತೆ ಮಾತಿಗೆ ಆಧಾರ?

ಸತೀಶಣ್ಣ: ಅದೂ ತಪ್ಪು. ನನ್ನ .45-70, ಅದಕ್ಕಿಂತ ಜೋರು ವೇಗದ .458 ವಿಂಚೆಸ್ಟರ್ ಮ್ಯಾಗ್ನಮ್ ತೋಟೆ ಎರಡಕ್ಕೂ ಗುಂಡಿನ ಅಡ್ಡಳತೆ ಒಂದೇ, ಗಟ್ಟಿತನ ಬೇರೆ. ಮೊದಲನೇದಕ್ಕೆ ಮಾಡಿದ 300 ಗ್ರೇನ್ ತೂಕದ ಗುಂಡಿನ ತಾಮ್ರದ ಹೊದಿಕೆ ತೆಳು, ಕಡಿಮೆ ವೇಗಕ್ಕೂ ತಾಗಿದಾಗ ಮೂತಿ ಅರಳಲಿ ಅಂತ. ಅದನ್ನೇ ಮ್ಯಾಗ್ನಮ್ ವೇಗಕ್ಕೆ ಹಾಕಿದ್ರೆ ಚರ್ಮದ ಹತ್ರವೇ ಪುಡಿ, ಆಳಕ್ಕೆ ಇಳಿಯಲ್ಲ. ಆಫ್ರಿಕದ ಕಾಡೆಮ್ಮೆಗೆ ಅಂತ ಇರೋ 500 ಗ್ರೇನಿನ ಗಟ್ಟಿ ಗುಂಡು ಜಿಂಕೆಗೆ ಹೊಡೆದ್ರೆ ಅರಳದೆ ಆಚೆ ಹೋಗ್ತದೆ. ಪೂರ್ತಿ ತಾಮ್ರದ್ದು ಸೀಸಕ್ಕಿಂತ ಹಗುರ, ಅದೇ ತೂಕಕ್ಕೆ ಉದ್ದ ಜಾಸ್ತಿ. ತೋಟೆಯೊಳಗೆ ಮದ್ದಿನ ಜಾಗ ತಿಂದು ಒತ್ತಡ ಏರಿಸ್ತದೆ. ಸೀಸದ ಗುಂಡಿನ ಮದ್ದಿನ ಲೆಕ್ಕ ಅದಕ್ಕೆ ನಡೆಯಲ್ಲ. ಮತ್ತೆ ನಡುವೆ ಗೀರು ಇರೋ ಗುಂಡೇ ಬೇಕು. ತೋಟೆಯ ಬಾಯಿ ಆ ಗೀರಿಗೆ ಒತ್ತಿ ಕೂರಿಸದಿದ್ರೆ ಒದೆಗೆ ಗುಂಡು ಒಳಗೆ ಜಾರ್ತದೆ, ಆಗಲೂ ಒತ್ತಡವೇ.

ಗಣಪತಿ: ಒದೆ ಅಂದ್ರೆ ಅಜ್ಜಯ್ಯನ ಕೇಪಿನ ಕೋವಿ! ಒಂದು ಈಡು ಹಾರಿಸಿದ್ರೆ ಹಂದಿ ಓಡ್ತಿತ್ತೋ ಇಲ್ವೋ, ಕೊಟ್ಟಿಗೆ ದನ ಎಲ್ಲ ಹಗ್ಗ ಹರ್ಕೊಳ್ತಿದ್ವು

ದೊಡ್ಡಪ್ಪಯ್ಯ: ಅದರ ಲೈಸೆನ್ಸ್ ನನ್ನ ಹೆಸರಲ್ಲಿದೆ. ಚುನಾವಣೆ ಬಂದಾಗೆಲ್ಲ ಸ್ಟೇಷನ್ನಿಗೆ ಹೊತ್ತವ ನಾನು.

ಗಣಪತಿ: ಹಿಸ್ಸೆ ಪತ್ರದಲ್ಲಿ ಕೋವಿ ನಮ್ಮಪ್ಪಂಗೆ ಅಂತಿದೆ ದೊಡ್ಡಪ್ಪಯ್ಯ

ಪ್ರಭಾಕರ: ಪತ್ರದ ಫೋಟೊ ಹಾಕು

ರಘು: ನಾನು ಸತೀಶಣ್ಣಂಗೆ ಅಂತ ಹಾಕಿದ್ದು